ರೈಟ್ ಅನ್ನದೆ ಹೊರಡದವರು

ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ. ಅವರು ಡ್ರೈವರು, ನಾನು ಕಂಡಕ್ಟರು. ಅಷ್ಟು ವರ್ಷದಲ್ಲಿ ಅವರಿಗೆ ಎಷ್ಟು ಸಾವಿರ ಸಲ 'ರೈಟ್' ಅಂದಿದ್ದೇನೋ ದೇವರಿಗೇ ಗೊತ್ತು. ಅನ್ನಲೇಬೇಕಾಗಿದ್ದ ದಿನ ಮಾತ್ರ ಬಾಯಿ ಬರಲಿಲ್ಲ. ಹೋದ ಕಾರ್ತಿಕದಲ್ಲಿ, ಮಧುಗಿರಿಯ ಅವರ ಮನೆ ಮುಂದೆ, ಸ್ಮಶಾನಕ್ಕೆ ಒಯ್ಯಲು ಅವರನ್ನು ಮಲಗಿಸಿದ್ದ ವ್ಯಾನಿನ ಹಿಂಬಾಗಿಲು ಹಿಡಿದುಕೊಂಡು ನಿಂತಿದ್ದೆ. ವ್ಯಾನಿನವನು ಕತ್ತು ಹೊರಗೆ ಹಾಕಿ "ಹೊರಡ್ಲಾ ಸಾರ್?" ಅಂದ. ಹೇಳುವುದು ನನ್ನ ಕೆಲಸ. ಹಿಂದಿನಿಂದ ಯಾರೋ "ಹೂಂ ಹೂಂ, ನಡೀಲಿ" ಅಂದರು, ವ್ಯಾನು ಹೊರಟೇಹೋಯಿತು. ಆ ಒಂದು ಮಾತು ಹೇಳದೆ ಅವರನ್ನು ಕಳಿಸಿಬಿಟ್ಟೆನಲ್ಲ ಅಂತ ಆಮೇಲೆ ಎಷ್ಟೋ ದಿನ ನನಗೆ ಊಟ ಸೇರಲಿಲ್ಲ ಅಂದರೆ ಜನ ನಗಬಹುದು. ನಗಲಿ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರಿರುತ್ತದೆಯೇ ಹೊರತು ಡ್ರೈವರನ ಹೆಸರಿರುವುದಿಲ್ಲ. ಇದನ್ನು ಅವರೇ ಒಮ್ಮೆ ಹೇಳಿದ್ದರು, ಬೇಜಾರಿನಿಂದಲ್ಲ, ಅದೇ ಸರಿ ಅನ್ನುವ ಹಾಗೆ. ನಾನು ಅವರನ್ನು ಡ್ರೈವರಣ್ಣ ಅನ್ನುತ್ತಿದ್ದೆ. ಅವರು ಖುಷಿಯಲ್ಲಿದ್ದಾಗ ನನ್ನನ್ನು 'ಕಂಡಕ್ಟ್ರೇ' ಅಂತಲೂ ಸಿಟ್ಟು ಬಂದಾಗ 'ಲೇ ಬುಕ್ಕಾಪಟ್ಟಣ' ಅಂತಲೂ ಕರೆಯುತ್ತಿದ್ದರು. ಬುಕ್ಕಾಪಟ್ಟಣ ನನ್ನ ಊರು. ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗಿಬರುವ ಗಾಡಿ ನಮ್ಮದು. ಪಾಳಿ ಬದಲಾದಾಗಲೆಲ್ಲ ಡಿಪೋದಲ್ಲಿ ಅವರಿವರ ಕೈಕಾಲು ಹಿಡಿದು ನಾವಿಬ್ಬರೂ ಅದೇ ಗಾಡಿಗೆ ಹಾಕಿಸಿಕೊಳ್ಳುತ್ತಿದ್ದೆವು.

ಎತ್ತರದ ಆಳು. ಸ್ಟೇರಿಂಗ್ ಹಿಡಿದು ಹಿಡಿದು ಎರಡು ಹೆಗಲೂ ಮುಂದಕ್ಕೆ ಬಾಗಿದ್ದವು. ಪಾವಗಡದ ಬೇಸಿಗೆಯಲ್ಲೂ ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದವರಲ್ಲ. ಬೆಳಿಗ್ಗೆ ಗಾಡಿ ಹತ್ತುವ ಮೊದಲು ಒಂದು ಸುತ್ತು ಬಂದು ಪ್ರತಿ ಟಯರಿಗೂ ಅಂಗೈಯಿಂದ ಒಂದೊಂದು ಏಟು ಹಾಕುತ್ತಿದ್ದರು. ಹಾರ್ನ್ ಹೊಡೆಯುವುದೆಂದರೆ ಅವರಿಗೆ ನಾಚಿಕೆ. ಮುಂದೆ ಸೈಕಲ್ಲಿನವರು ಯಾರಾದರೂ ಹೋಗುತ್ತಿದ್ದರಂತೂ ಹಾರ್ನೇ ಇಲ್ಲ. ಹಿಂದೆ ಹಿಂದೆಯೇ ಹೋಗಿ, ರಸ್ತೆ ಬಿಡುವಾದ ಮೇಲೆ ಒಂದು ಎತ್ತಿನಗಾಡಿ ಹಿಡಿಸುವಷ್ಟು ಜಾಗ ಬಿಟ್ಟು ದಾಟುತ್ತಿದ್ದರು. "ಏನ್ ಸಾರ್, ಸೈಕಲ್ ಹಿಂದೆ ಮೆರವಣಿಗೆ ಹೊಂಟಿದ್ದೀರಾ?" ಅಂತ ಜನ ರೇಗಿದರೆ ಕನ್ನಡಿಯಲ್ಲಿ ನೋಡಿಕೊಂಡೇ ಉತ್ತರ ಕೊಡುತ್ತಿದ್ದರು: "ಅವನ ಮೈಮ್ಯಾಲೆ ಬರೀ ಅಂಗಿ ಐತೆ. ನನ್ನ ಸುತ್ತ ತಗಡೈತೆ. ಯಾರು ಜೋಪಾನ ಮಾಡ್ಬೇಕು, ಅವನಾ ನಾನಾ?"

ಇನ್ನು 'ರೈಟ್' ವಿಷಯ. ಎಲ್ಲ ಗಾಡಿಗಳಲ್ಲೂ ಕಂಡಕ್ಟರು ಪೀಪಿ ಊದುತ್ತಾನೆ, ಡ್ರೈವರು ಗೇರು ಹಾಕುತ್ತಾನೆ. ನಮ್ಮ ಗಾಡಿಯಲ್ಲಿ ಹಾಗಿಲ್ಲ. ನಾನು ಬಾಯಿಬಿಟ್ಟು 'ರೈಟ್' ಅನ್ನದ ಹೊರತು ಗಾಡಿ ಒಂದು ಗೇಣು ಕದಲುತ್ತಿರಲಿಲ್ಲ. ಹೊಸತರಲ್ಲಿ ಒಂದು ಸಲ ಪಾವಗಡದಲ್ಲಿ ಟೀ ಕುಡಿದು ಬರಲು ತಡಮಾಡಿದೆ ಅಂತ ಜನರ ಮುಂದೆ ನನ್ನನ್ನು ಬೈದರು. ನಾನೇನು ಕಮ್ಮಿ? ಮೂತಿ ಊದಿಸಿಕೊಂಡು ಹಿಂದೆ ಹೋಗಿ ನಿಂತು ಪೀಪಿ ಊದಿದೆ. ಗಾಡಿ ಹೊರಡಲಿಲ್ಲ. ಮತ್ತೆ ಊದಿದೆ. ಎಂಜಿನ್ನು ಗುರುಗುಟ್ಟುತ್ತಿದೆ, ಅವರು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಕ್ಯಾತಗಾನಚೆರ್ಲಿನ ಒಬ್ಬ ಅಜ್ಜಿ "ಏಮಪ್ಪಾ, ಬಸ್ಸು ಪೋತುಂದಾ ಲೇದಾ?" ಅಂತ ತೆಲುಗಿನಲ್ಲಿ, ಬಸ್ಸು ಹೋಗುತ್ತೋ ಇಲ್ಲವೋ ಅಂತ, ನನ್ನ ಮೇಲೇ ಹರಿಹಾಯ್ದಳು. ಕೊನೆಗೆ ಹಲ್ಲು ಕಚ್ಚಿಕೊಂಡು 'ರೈಟ್' ಅಂದೆ. ತಕ್ಷಣ ಗಾಡಿ ಹೊರಟಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಮಿಡಿಗೇಶಿಯಲ್ಲಿ ಗಾಡಿ ನಿಂತಾಗ ಅವರೇ ಕರೆದು ಕಾರಣ ಹೇಳಿದರು. "ನಾನು ಹೊಸದಾಗಿ ಡ್ಯೂಟಿ ಹಿಡಿದಾಗ ಪೀಪಿ ಕೇಳಿಸ್ತು ಅಂತ ಗಾಡಿ ಎತ್ಬುಟ್ಟೆ. ಊದಿದ್ದು ನನ್ನ ಕಂಡಕ್ಟ್ರಲ್ಲ, ಪಕ್ಕದ ಗಾಡಿಯೋನು. ಮುದುಕಮ್ಮ ಇಳೀತಿದ್ಲು. ಒಂದು ಕಾಲು ಮೆಟ್ಲ ಮ್ಯಾಲೆ, ಒಂದು ಕಾಲು ನೆಲದ ಮ್ಯಾಲೆ. ಬಿದ್ಲು, ಕೈ ಮುರೀತು. ಆಯಮ್ಮ ನನ್ನ ಬೈಲಿಲ್ಲ ಕಣ್ಲಾ. 'ನೀನು ನೋಡ್ನಿಲ್ಲ ಬುಡಪ್ಪ' ಅಂದ್ಲು. ಅದೇ ನಂಗೆ ಸುಡ್ತೈತೆ. ಹಿಂದೆ ಏನಾಗ್ತೈತೆ ಅಂತ ನಂಗೆ ಕಾಣಲ್ಲ. ಕಾಣೋನು ನೀನು. ಕಂಡೋನು ಬಾಯಿಬುಟ್ಟು ಹೇಳ್ಬೇಕು." ಅವತ್ತಿನಿಂದ ನಾನು ಪೀಪಿಯನ್ನು ಜೇಬಿನಿಂದ ತೆಗೆಯುವುದನ್ನೇ ಬಿಟ್ಟೆ.

ಸೈಕಲ್ಲಿನ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆ ಬಂದಾಗ. ಡಾಕ್ಟರು ದಿನಾ ನಡೆಯಿರಿ ಅಂದರು. "ಗಾಣದ ಎತ್ತಿನಂಗೆ ಮೈದಾನ ಸುತ್ತೋಕೆ ನನ್ನ ಕೈಲಾಗಲ್ಲ. ರಸ್ತೆ ಬೇಕು ನಂಗೆ" ಅಂತ ಒಂದು ಗೇರಿನ ಸೈಕಲ್ ತಂದರು. ಅವರ ಹೆಂಡತಿ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ನಾನು ಅಕ್ಕ ಅಂತ ಕರೆಯುವವರು. ಇನ್ನೂರು ಮಕ್ಕಳ ಅನ್ನದ ಹಂಡೆ ಇಳಿಸುವ ತೋಳು ಅವರದು. ಇಬ್ಬರಿಗೆ ಒಬ್ಬಳೇ ಮಗಳು, ಮದುವೆಯಾಗಿ ಗೌರಿಬಿದನೂರಿನಲ್ಲಿದ್ದಾಳೆ. ಎಂಟನೇ ಕ್ಲಾಸಿನಲ್ಲಿ ಆ ಮಗಳಿಗೆ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನು ಅಕ್ಕ ಅಟ್ಟದಿಂದ ಇಳಿಸಿಕೊಂಡು, ನಲವತ್ತೆಂಟನೇ ವಯಸ್ಸಿನಲ್ಲಿ ಗಂಡನ ಕೈಲಿ ತುಳಿಯುವುದನ್ನು ಕಲಿತರು. ಮೊದಲನೇ ಸಲ ಚೂಡಿದಾರ ಹಾಕಿದ ದಿನ ಓಣಿ ದಾಟುವವರೆಗೂ ಮೇಲೆ ಸೀರೆ ಸುತ್ತಿಕೊಂಡಿದ್ದರಂತೆ.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಮಧುಗಿರಿ ಬಿಟ್ಟು ಕೊರಟಗೆರೆ ಹಾದು ಹೊಳವನಹಳ್ಳಿಗೆ ಹೋಗಿ, ಅಲ್ಲಿಯ ಬಸ್‌ಸ್ಟಾಪಿನ ಹೋಟೆಲಿನಲ್ಲಿ ಇಡ್ಲಿ ತಿಂದು ವಾಪಸು ಬರುವುದು ರೂಢಿಯಾಯಿತು. ನನಗಿದು ಅರ್ಥವೇ ಆಗುತ್ತಿರಲಿಲ್ಲ. ವಾರದಲ್ಲಿ ಆರು ದಿನ ಅದೇ ರಸ್ತೆ ತಿಂದು, ಸಿಗುವ ಒಂದು ರಜೆಯಲ್ಲೂ ಅದೇ ರಸ್ತೆಗೆ ಹೋಗುವುದೆಂದರೆ! "ಡ್ರೈವರಣ್ಣ, ನಿಮಗೆ ಆ ರಸ್ತೆ ಏನಾದರೂ ಬರೆದುಕೊಟ್ಟವ್ರಾ?" ಅಂತ ಕೇಳಿದ್ದೆ. "ಬಸ್ನಾಗೆ ರಸ್ತೆ ಕಾಣ್ತೈತೆ ಕಂಡಕ್ಟ್ರೇ. ಸೈಕಲ್ನಾಗೆ ರಸ್ತೆ ಮುಟ್ತೈತೆ. ಅದೂ ಅಲ್ದೆ ನನ್ನ ಹೆಂಡ್ತಿ ಜೊತೆ ಒಂದು ವಾರಕ್ಕಾಗೋ ಅಷ್ಟು ಮಾತು ಅಲ್ಲೇ ಆಡೋದು" ಅಂದರು. ಆಮೇಲೆ ನಾನೂ ಭಾನುವಾರ ನನ್ನ ಹಳೆಯ ಮೊಪೆಡ್ಡಿನಲ್ಲಿ ಹೊಳವನಹಳ್ಳಿಗೆ ಹೋಗಿ ಟೀ ಕುಡಿಯುವ ನೆಪದಲ್ಲಿ ಅವರಿಗಾಗಿ ಕಾಯತೊಡಗಿದೆ. ನನ್ನದು ಸೋಮಾರಿ ಜೀವ, ಸೈಕಲ್ ಮಾತ್ರ ಮುಟ್ಟಲಿಲ್ಲ.

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೆ ಆ ಬೆಳಿಗ್ಗೆ ಬಂತು. ಮಧುಗಿರಿ ಬಿಟ್ಟು ಕೊರಟಗೆರೆ ಇನ್ನೇನು ಎರಡು ಮೈಲಿ ಇದೆ ಅನ್ನುವಾಗ ರಸ್ತೆಯ ಪಕ್ಕ ಒಂದು ದೊಡ್ಡ ಹುಣಸೆಮರವಿತ್ತು. ಡ್ರೈವರಣ್ಣ ಬಸ್ಸನ್ನು ಮೆಲ್ಲಗೆ ಅದರ ನೆರಳಿಗೆ ತಂದು ನಿಲ್ಲಿಸಿದರು. ಅದು ಸ್ಟಾಪಲ್ಲ, ಇಳಿಯುವವರೂ ಇಲ್ಲ. ಎಂಜಿನ್ ಆರಿಸಿ, ಕೀ ಕಿತ್ತು, ಹಿಂದಕ್ಕೆ ನಡೆದು ಬಂದು ಆ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. "ಹಿಂದುಗಡೆ ಹಾಲಿನೋನು ಒಬ್ಬ ಸೈಕಲ್ನಾಗೆ ಬರ್ತಾ ಇದ್ದಾನೆ, ನೋಡು" ಅಂದರು. ನೋಡಿದೆ. ಕ್ಯಾನು ನೇತುಹಾಕಿಕೊಂಡು ಒಬ್ಬಾತ ತನ್ನ ಪಾಡಿಗೆ ತುಳಿದುಕೊಂಡು ಬರುತ್ತಿದ್ದ. "ಅವನ್ನ ದಾಟ್ದೆ ನಾನು. ದಾಟೋವರ್ಗೂ ಅವನು ನಂಗೆ ಕಾಣ್ನಿಲ್ಲ. ಕ್ಯಾನಿನ ಸದ್ದು ಕೇಳಿ ಗೊತ್ತಾಯ್ತು. ಸಾಕು ಕಣ್ಲಾ. ಇನ್ನು ನಾನು ಹಿಡಿಯಲ್ಲ." ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಸಲು ಜನರನ್ನು ಇಳಿಸಿದೆ. ಡ್ರೈವರಣ್ಣ ಮರದ ಬುಡದಲ್ಲಿ ಕೂತು, ಹಾಲಿನವನು ಹಾದುಹೋಗುವಾಗ ಎದ್ದು ನಿಂತು ಕೈ ಮುಗಿದರು. ಅವನು ಗಾಬರಿಯಾಗಿ ತಾನೂ ಮುಗಿದು ಹೋದ.

ಸಕ್ಕರೆ ಕಣ್ಣಿಗೆ ಇಳಿದಿತ್ತು. ಆಸ್ಪತ್ರೆಗಳಿಗೆ ಅಲೆದದ್ದಾಯಿತು, ಲೇಸರು ಹಿಡಿಸಿದ್ದಾಯಿತು. ಬೆಳಕು ನೆರಳು ಇಷ್ಟು ಉಳಿಯಿತು. ಕೆಲಸ ಬಿಟ್ಟು ಮನೆ ಸೇರಿದರು. ಆರು ತಿಂಗಳು ಅವರು ಜಗಲಿ ಇಳಿಯಲಿಲ್ಲ. ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸು ಹೋದರೆ ಸದ್ದಿನಲ್ಲೇ ಯಾವ ಗಾಡಿ, ಯಾರು ಓಡಿಸುತ್ತಿದ್ದಾರೆ ಅಂತ ಹೇಳುತ್ತಿದ್ದರು. "ಇವನು ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಓಡಿಸ್ತಾನೆ, ಹೇಳು ಅವನಿಗೆ" ಅನ್ನುತ್ತಿದ್ದರು. ಬೇರೆ ಮಾತೇ ಇಲ್ಲ. ಅಕ್ಕನೂ ಸೈಕಲ್ ಮುಟ್ಟಲಿಲ್ಲ. ಎರಡು ಸೈಕಲ್ಲೂ ಹಿತ್ತಲಲ್ಲಿ ಒಂದಕ್ಕೊಂದು ಒರಗಿಕೊಂಡಿದ್ದವು. ಅಷ್ಟು ದೊಡ್ಡ ಮನುಷ್ಯ ಕೂತಲ್ಲೇ ಸಣ್ಣಗಾಗುತ್ತಿರುವುದನ್ನು ನೋಡಲಾರದೆ ನಾನು ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ದಿನ ಅಕ್ಕನೇ ಬಸ್‌ಸ್ಟ್ಯಾಂಡಿಗೆ ಹುಡುಕಿಕೊಂಡು ಬಂದರು. "ಸಿರಾದಾಗೆ ಒಂದು ಅಂಗಡ್ಯಾಗೆ ಎರಡು ಸೀಟಿನ ಸೈಕಲ್ ತರಿಸವ್ರಂತೆ ಕಣಪ್ಪ. ಮುಂದೊಬ್ರು ಹಿಂದೊಬ್ರು, ಇಬ್ರೂ ತುಳಿಯೋದು. ಅದು ತಗಂಬೇಕು ಅಂತಿದ್ದೀನಿ."

"ಡ್ರೈವರಣ್ಣ ಒಪ್ಪಿದ್ರಾ?"

"ಅವ್ರಿಗೆ ಹೇಳಿಲ್ಲ. ಆಸ್ಪತ್ರೆಗೆ ಅಂತ ಕರ್ಕಂಡು ಹೋಗೋಣ. ಇವ್ರು ಹಿಂಗೆ ಜಗಲಿ ಮ್ಯಾಲೆ ಕುಂತೇ ಹೋಗ್ಬುಡ್ತಾರೆ, ನಂಗೆ ಅದೊಂದೇ ಭಯ." ಅವರ ಕಣ್ಣು ತುಂಬಿತ್ತು. ನಾನು ಮರುದಿನಕ್ಕೇ ರಜೆ ಹಾಕಿದೆ.

ಶಿರಾದ ಆ ಅಂಗಡಿಯವರು ವಯಸ್ಸಾದ ಸಾಹೇಬರು, ಊರಿಗೆಲ್ಲ ಚಾಚಾ. ಸೈಕಲ್ ಆಗಲೇ ಹೊರಗೆ ತಂದಿಟ್ಟಿದ್ದರು. ಹಸಿರು ಬಣ್ಣದ್ದು, ಉದ್ದಕ್ಕಿತ್ತು. ಮೋಸ ಗೊತ್ತಾದಾಗ ಡ್ರೈವರಣ್ಣ ಸೈಕಲ್ಲನ್ನು ಕೈಯಿಂದ ತಡವತೊಡಗಿದರು. ಎರಡೂ ಟಯರಿಗೆ ಅಂಗೈಯಿಂದ ಏಟು ಹಾಕಿದರು. ಆಮೇಲೆ ಯಾರೂ ಹೇಳದೆಯೇ ಹೋಗಿ ಮುಂದಿನ ಹ್ಯಾಂಡಲ್ ಹಿಡಿದು ನಿಂತುಕೊಂಡರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಕ್ಕ ಹತ್ತಿರ ಹೋಗಿ ಮೆಲ್ಲಗೆ "ರೀ, ನಿಮ್ದು ಹಿಂದಿನ ಸೀಟು" ಅಂದರು.

ಅವರು ಹ್ಯಾಂಡಲ್ ಬಿಡಲಿಲ್ಲ. "ಮೂವತ್ತು ವರ್ಷ ಮುಂದೆ ಕುಂತೋನು ನಾನು. ಹೆಂಡ್ತಿ ಬೆನ್ನಿಂದೆ ಮೂಟೆ ಥರ ಕುಂತ್ಕಂಡು ಮಧುಗಿರಿ ಬೀದೀಲಿ ಹೋಗ್ಲಾ? ನಡೀರಿ ಮನೆಗೆ."

ಅಕ್ಕನಿಗೆ ರೇಗಿತು. ಆರು ತಿಂಗಳಿನದೂ ಒಟ್ಟಿಗೆ ಬಂತು. "ಮೂವತ್ತು ವರ್ಷ ನಿಮ್ಮ ಬೆನ್ನಿಂದೆ ದಿನಾ ಅಷ್ಟೊಂದು ಜನ ಕುಂತ್ಕಂಡು ಬಂದ್ರಲ್ಲ. ಬಸುರಿ ಹೆಂಗಸ್ರು, ಕೂಸುಗಳು, ಎಲ್ರೂ. ಅವ್ರೆಲ್ಲ ಮೂಟೆಗಳಾ? ನಿಮ್ಮ ಕಣ್ಣು ಸರ್ಯಾಗೈತಾ ಅಂತ ಒಬ್ರಾದ್ರೂ ಕೇಳಿದ್ರಾ? ನಂಬ್ಕಂಡು ಕುಂತ್ರು. ನಿಮ್ಮನ್ನ ಅಷ್ಟು ಜನ ನಂಬಿದ್ರು, ನೀವು ನನ್ನೊಬ್ಳನ್ನ ನಂಬಕ್ಕಾಗಲ್ವಾ?"

ಚಾಚಾ ಗಂಟಲು ಸರಿಮಾಡಿಕೊಂಡು "ಪೀಛೆ, ಹಿಂದೆ ಕೂರೋರಿಗೆ ಇದ್ರಲ್ಲಿ ಬ್ರೇಕ್ ಇಲ್ಲ, ಗೇರ್ ಇಲ್ಲ ಭಾಯಿ. ಆದ್ರೆ ಪೆಡಲ್ ನಾಲ್ಕೂ ಒಂದೇ ಚೈನು. ಮುಂದಿನೋರು ಒಬ್ರೇ ಎತ್ತೋಕೆ ಬಿಲ್ಕುಲ್ ಆಗಲ್ಲ. ಇಬ್ರೂ ಒಂದೇ ಸಲ ತುಳಿದ್ರೇನೇ ಹೊರಡೋದು" ಅಂದರು. ಡ್ರೈವರಣ್ಣ ಕಂಬಿಯ ಮೇಲೆ ಕೈಯಾಡಿಸುತ್ತ ಹಿಂದಿನ ಸೀಟಿನವರೆಗೂ ಹೋದರು. ನನಗೆ ಬಾಯಿ ಸುಮ್ಮನಿರಬೇಕಲ್ಲ. "ಅಣ್ಣಾ, ಇನ್ಮೇಲೆ ನೀವೇ ಕಂಡಕ್ಟ್ರು" ಅಂದುಬಿಟ್ಟೆ.

ಆರು ತಿಂಗಳಲ್ಲಿ ಮೊದಲನೇ ಸಲ ಅವರು ನಕ್ಕರು. "ಹಂಗಾದ್ರೆ ರೈಟ್ ಅನ್ನೋನು ನಾನು. ಕಣ್ಣು ಕಾಣದೋನು ರೈಟ್ ಅನ್ನೋದು ಹೆಂಗೋ?"

"ರಸ್ತೆ ನಾನು ನೋಡ್ತೀನಿ" ಅಂದರು ಅಕ್ಕ. "ನೀವು ಸರ್ಯಾಗಿ ಕುಂತ್ರಾ, ಕಾಲಿಟ್ರಾ ಅಂತ ನಂಗೆ ಹಿಂದೆ ಕಾಣಲ್ಲ. ಅದನ್ನ ನೀವು ಬಾಯಿಬುಟ್ಟು ಹೇಳಿ. ಹೇಳೋವರ್ಗೂ ನಾನು ಹೊರಡಲ್ಲ."

ಅಂಗಡಿ ಹಿಂದಿನ ಬಯಲಿಗೆ ಸೈಕಲ್ ತಂದೆವು. ಅಕ್ಕ ಮುಂದೆ ಹತ್ತಿದರು, ಅವರು ಹಿಂದೆ. ನಾನೂ ಚಾಚಾನೂ ಎರಡು ಪಕ್ಕ ಹಿಡಿದುಕೊಂಡೆವು. ಡ್ರೈವರಣ್ಣ ಅಂಗಿಯ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡು, ಎದೆ ತುಂಬ ಉಸಿರು ಎಳೆದುಕೊಂಡು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ "ರೈಟ್! ರೈಟ್!" ಅಂದರು. ಸೈಕಲ್ ಹೊರಟಿತು. ಹೊರಟದ್ದೇ ತಡ, ಅಕ್ಕ ಬಲಕ್ಕೆ ತಿರುಗಿಸಿ ನೇರ ಮರಳಿನ ಗುಡ್ಡೆಗೆ ನುಗ್ಗಿಸಿದರು. ಇಬ್ಬರೂ ಮರಳಿನಲ್ಲಿ ಮೊಣಕಾಲುದ್ದ ಹೂತುಕೊಂಡರು. "ಯಾಕಮ್ಮ ತಿರುಗಿಸ್ದೆ?" ಅಂದರೆ "ನೀವೇ ರೈಟು ರೈಟು ಅಂತ ಬಡ್ಕಂಡ್ರಲ್ಲ!" ಅಂತ ಅಕ್ಕ ಅವರ ಮೇಲೇ ಜೋರು ಮಾಡಿದರು. ಚಾಚಾ ಕಣ್ಣೀರು ಬರುವವರೆಗೂ ನಕ್ಕರು. ಮೂವತ್ತು ವರ್ಷ ಡ್ರೈವರನ ಹೆಂಡತಿಯಾಗಿದ್ದವರಿಗೆ ನಮ್ಮ ಕಸುಬಿನ ಮೊದಲನೇ ಪದವೇ ಗೊತ್ತಿರಲಿಲ್ಲ.

ಅಲ್ಲೇ ನಿಂತು ಒಪ್ಪಂದವಾಯಿತು. 'ರೈಟ್' ಅಂದರೆ ಹೊರಡುವುದು ಮಾತ್ರ. ತಿರುಗುವುದಕ್ಕೆ ಎಡ ಬಲ ಬೇಡವೇ ಬೇಡ, ಊರಿನ ಹೆಸರು ಹೇಳುವುದು. ಆ ಬಯಲಿನಲ್ಲೇ "ಬುಕ್ಕಾಪಟ್ಟಣದ ಕಡೆ ತಿರುಗ್ಸು, ಈಗ ಮಧುಗಿರಿ ಕಡೆ" ಅಂತ ಹತ್ತು ಸುತ್ತು ಹೊಡೆದರು. ಸಂಜೆ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಮಧುಗಿರಿಗೆ ಬಂದೆವು. ದಾರಿಯುದ್ದಕ್ಕೂ ಡ್ರೈವರಣ್ಣ "ಹಗ್ಗ ಸರ್ಯಾಗಿ ಬಿಗಿದೈತಾ?" ಅಂತ ನನ್ನ ಪ್ರಾಣ ತೆಗೆದರು.

ಮತ್ತೆ ಭಾನುವಾರಗಳು ಶುರುವಾದವು. ಮೊದಲ ವಾರ ಓಣಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. "ಏನು, ಯಜಮಾನ್ರು ಹಿಂದೆ ಕುಂತವ್ರೆ?" ಅಂತ ಯಾರೋ ಕಿಸಕ್ಕಂದರಂತೆ. "ಹಿಂದೆ ಸೀಟು ಖಾಲಿ ಇತ್ತು, ಕುಂತೆ" ಅಂದರಂತೆ ಡ್ರೈವರಣ್ಣ. ಎರಡು ತಿಂಗಳಲ್ಲಿ ಹೊಳವನಹಳ್ಳಿ ಮುಟ್ಟಿದರು. ರಸ್ತೆ ಅವರ ತಲೆಯಲ್ಲಿ ಅಚ್ಚಾಗಿತ್ತು. "ಮುಂದೆ ಹಂಪು ಬರ್ತೈತೆ, ಆಮ್ಯಾಕೆ ಇಳುಕ್ಲು, ಗೇರ್ ಇಳಿಸು" ಅಂತ ಹಿಂದಿನಿಂದ ಹೇಳುತ್ತಿದ್ದರೆ ಅಕ್ಕ ಕಣ್ಣಿದ್ದೂ ಅವರ ಮಾತನ್ನೇ ನೆಚ್ಚಿಕೊಳ್ಳುತ್ತಿದ್ದರು. ಹೆಲ್ಮೆಟ್ಟು, ಬಿಗಿಯಾದ ಬಣ್ಣದ ಬಟ್ಟೆ ಹಾಕಿಕೊಂಡು ಬೆಂಗಳೂರಿನಿಂದ ಸೈಕಲ್ಲಿನಲ್ಲಿ ಬೆಟ್ಟ ನೋಡಲು ಬರುವವರು ಒಮ್ಮೆ ಇವರನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಡ್ರೈವರಣ್ಣ ಗಂಭೀರವಾಗಿ "ನಿಮ್ದು ಯಾವ ಡಿಪೋ?" ಅಂತ ಕೇಳಿದರಂತೆ. ಮೈ ತುಂಬಿಕೊಂಡಿತ್ತು, ಸಕ್ಕರೆ ಇಳಿದಿತ್ತು, ಮಾತು ಹಿಂದಕ್ಕೆ ಬಂದಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವಾಗ ಆ ಹುಣಸೆಮರವನ್ನು ಕಡಿದರು. ಅದೇ ಮರ, ಅವರು ನನ್ನ ಕೈಗೆ ಕೀ ಕೊಟ್ಟ ಜಾಗ. ನಾನು ಬಸ್ಸಿನಿಂದ ನೋಡಿದೆ. ಹೇಗೆ ಹೇಳುವುದು ಅಂತ ಗೊತ್ತಾಗದೆ ಸುಮ್ಮನಿದ್ದೆ. ಆ ಭಾನುವಾರ ಹೊಳವನಹಳ್ಳಿಯಲ್ಲಿ ಅಕ್ಕ ಕೈ ತೊಳೆಯಲು ಹೋದದ್ದೇ ಡ್ರೈವರಣ್ಣ ನನ್ನ ಮೊಣಕೈ ಹಿಡಿದುಕೊಂಡರು.

"ಹುಣಸೆಮರ ಕಡಿದವ್ರೆ ಅಲ್ವೇನೋ?"

"ಹೂಂ ಅಣ್ಣ. ಅಕ್ಕ ಹೇಳಿದ್ರಾ?"

"ಇಲ್ಲ. 'ಮರ ಬರ್ಬೇಕಲ್ಲ' ಅಂದೆ. 'ಆಗಲೇ ದಾಟಿದ್ವಲ್ಲ, ಇವತ್ತು ಬಿರ್ರನೆ ಬಂದ್ವಿ' ಅಂದ್ಲು. ಮೂವತ್ತು ವರ್ಷ ಆ ನೆರಳು ಮುಖದ ಮ್ಯಾಲೆ ಬಿದ್ದೈತೆ ನಂಗೆ. ಇವತ್ತು ಬೀಳ್ನಿಲ್ಲ. ಹಸಿ ಮರ ಕುಯ್ದ ವಾಸ್ನೆ ಬಂತು." ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ನಂಗೆ ಗೊತ್ತಾಗೈತೆ ಅಂತ ಅವಳಿಗೆ ಹೇಳ್ಬ್ಯಾಡ. ಕಷ್ಟಪಟ್ಟು ಒಂದು ಮರ ನಿಲ್ಸವಳೆ. ನಾನ್ಯಾಕೆ ಬೀಳಿಸ್ಲಿ?"

ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಅಕ್ಕ ಸೆರಗಿನಂತೆ ಹೊದ್ದ ವೇಲಿಗೆ ಕೈ ಒರೆಸಿಕೊಳ್ಳುತ್ತ ಬಂದು "ಏನು ಗುಸುಗುಸು?" ಅಂದರು. "ನಿಮ್ಮ ಡ್ರೈವಿಂಗ್ ಸರಿಯಿಲ್ಲ ಅಂತ ದೂರು" ಅಂದೆ.

ಕಾರ್ತಿಕದ ಒಂದು ಬೆಳಿಗ್ಗೆ ಡ್ರೈವರಣ್ಣ ಹಿತ್ತಲಲ್ಲಿ ಸೈಕಲ್ಲಿನ ಟಯರಿಗೆ ಏಟು ಹಾಕಿ ಗಾಳಿ ನೋಡುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಆ ದಿನ ನಾನು ಮಾಡಿದ್ದನ್ನು, ಅಥವಾ ಮಾಡದೆ ಉಳಿದದ್ದನ್ನು, ಮೊದಲೇ ಹೇಳಿದ್ದೇನೆ.

ಎರಡು ತಿಂಗಳ ಮೇಲೆ ಅಕ್ಕ ಫೋನು ಮಾಡಿದರು. "ಭಾನುವಾರ ಬಾಪ್ಪ. ಸೈಕಲ್ ನಿಂತು ನಿಂತು ಟಯರ್ ಕೂತಿತ್ತು. ಗಾಳಿ ಹೊಡ್ಸಿದ್ದೀನಿ. ಒಬ್ಬಳೇ ಎತ್ತಕ್ಕಾಗಲ್ಲ." ನಾನು ಸೈಕಲ್ ತುಳಿದು ಇಪ್ಪತ್ತು ವರ್ಷವಾಗಿತ್ತು. ಹೊಟ್ಟೆ ಬೇರೆ ಬಂದಿದೆ. ಆದರೂ ಹೋದೆ. ಹಿಂದಿನ ಸೀಟು ಹತ್ತಿ ಡ್ರೈವರಣ್ಣನ ಹ್ಯಾಂಡಲ್ ಹಿಡಿದಾಗ, ಅವರ ಕೈ ಸವೆಸಿದ್ದ ರಬ್ಬರು ನನ್ನ ಅಂಗೈಗೆ ತಾಗಿತು. "ಹೂಂ, ತುಳಿ" ಅಂದರು ಅಕ್ಕ. ಓಲಾಡುತ್ತ ಹೊರಟೆವು. ಊರು ದಾಟುವಷ್ಟರಲ್ಲಿ ನಾನು ಬಡಕಲು ಕಾಲಿನಲ್ಲಿ ಎರಡು ಸಲ ತಪ್ಪು ತುಳಿದು ಬೈಸಿಕೊಂಡೆ.

ಕೊರಟಗೆರೆ ಎರಡು ಮೈಲಿ ಇರುವಾಗ ಅಕ್ಕ ಬ್ರೇಕು ಹಿಡಿದು ಕಾಲೂರಿದರು. ಮರವಿದ್ದ ಜಾಗ. ಬುಡವನ್ನೂ ಕಿತ್ತು ಜಲ್ಲಿ ತುಂಬಿದ್ದಾರೆ, ಏನೂ ಇಲ್ಲ. ಅಕ್ಕ ಹಿಂತಿರುಗದೆಯೇ ಹೇಳಿದರು. "ಇಲ್ಲೊಂದು ಮರ ಇತ್ತು ಕಣಪ್ಪ. ಕಡಿದಾಗ ನಾನು ಇವ್ರಿಗೆ ಹೇಳ್ನಿಲ್ಲ. ಬೇಜಾರು ಮಾಡ್ಕಂತಾರೆ ಅಂತ. ಪ್ರತಿ ವಾರ 'ಮರ ದಾಟ್ತಾ?' ಅಂತ ಕೇಳೋರು. 'ದಾಟ್ತು' ಅಂತಿದ್ದೆ. ನನ್ನೊಬ್ಳನ್ನ ನಂಬಿ ಅಂತ ಜಗಳ ಮಾಡಿ ಹಿಂದೆ ಕೂರಿಸ್ಕಂಡೆ. ಕಣ್ಣು ಕಾಣದೋರಿಗೆ ವಾರವಾರ ಸುಳ್ಳು ಹೇಳ್ದೆ. ಅವ್ರಿಗೆ ಗೊತ್ತೇ ಆಗ್ಲಿಲ್ಲ. ಅದೇ ನಂಗೆ..."

ಮಾತು ಕೊಟ್ಟವನು ನಾನು. ಆದರೆ ಆ ಬೆನ್ನು ಅಳುವುದನ್ನು ಹಿಂದೆ ಕೂತು ನೋಡುತ್ತ ಸುಮ್ಮನಿರಲು ಆಗಲಿಲ್ಲ. ಕಂಡವನು ಬಾಯಿಬಿಟ್ಟು ಹೇಳಬೇಕು.

"ಗೊತ್ತಿತ್ತು ಕಣಕ್ಕ" ಅಂದೆ. "ಮೊದಲನೇ ದಿನವೇ ಗೊತ್ತಿತ್ತು. ನೀವು ಕಷ್ಟಪಟ್ಟು ನಿಲ್ಲಿಸಿರೋ ಮರ, ನಾನ್ಯಾಕೆ ಬೀಳಿಸ್ಲಿ ಅಂದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಅಕ್ಕ ಜಲ್ಲಿಯ ಕಡೆ ನೋಡಿದರು. "ಗೊತ್ತಿದ್ದೂ ವಾರವಾರ ಕೇಳೋರಾ?" ಅಂದರು. ವೇಲಿನಿಂದ ಮುಖ ಒರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಹಿಂದಿನಿಂದ ನನಗೆ ಕಾಣಲಿಲ್ಲ. ಆಮೇಲೆ ಒಂದು ಕಾಲನ್ನು ಪೆಡಲ್ ಮೇಲಿಟ್ಟು, ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ಕಾಯತೊಡಗಿದರು. ನಾನೂ ಕಾಲಿಟ್ಟೆ. ಅವರು ತುಳಿಯಲಿಲ್ಲ.

"ಅವತ್ತು ವ್ಯಾನ್ ಹತ್ರ ನೀನು ಅನ್ಲಿಲ್ಲ" ಅಂದರು, ಮುಂದೆಯೇ ನೋಡುತ್ತ. "ನಾನು ಒಳಗೆ ಅವ್ರ ಕಾಲ ಹತ್ರ ಕುಂತು ಕಾಯ್ತಾ ಇದ್ದೆ. ಈಗ ಅನ್ನು."

ಉಸಿರು ಎಳೆದುಕೊಂಡೆ.

"ರೈಟ್" ಅಂದೆ.

ಇಬ್ಬರೂ ಒಂದೇ ಸಲ ತುಳಿದೆವು. ಸೈಕಲ್ ಕೊರಟಗೆರೆ ಕಡೆ ಹೊರಟಿತು.